ಏಳನೆಯ ಸಾಲು

ಹುಮನಾಬಾದ್ ನಿಲ್ದಾಣದಿಂದ ಬಸ್ಸು ಹೊರಡುವಷ್ಟರಲ್ಲಿ ಸತೀಶಕುಮಾರ ಓಡಿ ಬಂದು ಹತ್ತಿದ. ಅವನ ಹಿಂದೆ, ದೊಡ್ಡ ಬ್ಯಾಗೊಂದನ್ನು ಎದೆಗೊತ್ತಿಕೊಂಡು ಪ್ರಣಿತಾ. ಕಿಟಕಿಯ ಪಕ್ಕ ಕೂತಿದ್ದ ಅಶೋಕಕುಮಾರ ಫೋನನ್ನು ಜೇಬಿಗಿಳಿಸಿದ.

ಐದು ತಿಂಗಳಿಂದ ಪ್ರಣಿತಾ ಕೊಡಂಬಲದ ತವರಿನಲ್ಲಿದ್ದಳು. ಗಂಡ ಸತೀಶನ ಮೇಲೆ ಮುನಿಸಿಕೊಂಡು ಹೋದವಳು ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅಶೋಕನೂ ಹಾಗೇ ತಿಳಿದು, ಅರ್ಧ ಗಂಟೆಯ ಹಿಂದೆ, ತಮ್ಮ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಪ್ರಾರ್ಥನಾ ವಿಷಯ ಕಳಿಸಿದ್ದ: ‘ಹೆಂಡತಿಯೊಡನೆ ಶ್ರುತಿ ಕೂಡಿಸಲಾಗದ ಸಹೋದರನೊಬ್ಬ ದೇವರ ಮುಂದೆ ಪೇಟಿ ನುಡಿಸುತ್ತಾನೆ. ಅವನಿಗಾಗಿ ಪ್ರಾರ್ಥಿಸಿರಿ.’ ಹೆಸರು ಬರೆದಿರಲಿಲ್ಲ. ಬಸವಕಲ್ಯಾಣದ ಆ ಸಣ್ಣ ಸಭೆಯಲ್ಲಿದ್ದದ್ದು ಒಂದೇ ಹಾರ್ಮೋನಿಯಂ ಪೇಟಿ, ನುಡಿಸುವವನು ಸತೀಶನೊಬ್ಬನೇ.

ಕಳೆದ ಭಾನುವಾರ ಸತೀಶ ಎಲ್ಲರೆದುರು ನಕ್ಕಿದ್ದ. “ಅಶೋಕಂದು ಫೇಸ್‌ಬುಕ್ ಬರಹ ಓದಾಕ ಕುಂತ್ರ ಆರಾಧನಿನೇ ಮುಗೀತದ.” ಅಶೋಕನೂ ನಕ್ಕಿದ್ದ. ಆಮೇಲೆ ಐದು ದಿನ ಪ್ರಾರ್ಥನಾ ವಿಷಯದ ಆ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ಮಸೆದಿದ್ದ. ಪ್ರಾರ್ಥನೆಯ ರೂಪದಲ್ಲಿದ್ದರೆ ಯಾರೂ ತಪ್ಪೆನ್ನಲಾರರು ಎಂಬ ಜಾಣತನ ಅವನಿಗೇ ಹಿತವೆನಿಸಿತ್ತು.

ಈಗ ಅವಸರದಿಂದ ಫೋನು ತೆಗೆದ. ಓದಿದವರ ಪಟ್ಟಿಯಲ್ಲಿ ಒಂದೇ ಹೆಸರಿತ್ತು: ಜಗದೇವಿ ಅಕ್ಕ. ಸಂದೇಶ ಅಳಿಸಿದ. ಆದರೆ ಇಂದು ಶುಕ್ರವಾರ. ಫೋನಿಲ್ಲದವರೂ ಕೇಳಲಿ ಎಂದು ಅಕ್ಕ ಪ್ರತಿ ಶುಕ್ರವಾರ ಗುಂಪಿಗೆ ಬಂದದ್ದನ್ನೆಲ್ಲ ಅಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆಯ ಮನೆಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಪೆನ್ನಿನಲ್ಲಿ ಬರೆದದ್ದು ಅವನ ಬೆರಳಿಗೆ ಸಿಗುವಂತಿರಲಿಲ್ಲ.

“ಏನ್ ಸಾಹೇಬ್ರ, ಒಬ್ರೇ?” ಸತೀಶ ಬಂದು ಪಕ್ಕದಲ್ಲಿ ಕೂತ. “ನನ್ ಫೋನ್ ಸತ್ತ ಹೋಗ್ಯಾದ. ಗುಂಪಿನ್ಯಾಗ ಏನರ ಬಂದದೇನು?”

“ಏನಿಲ್ಲ. ನಾನೇ ಒಂದು ಹಾಕಿ ಅಳಸೀನಿ. ತಪ್ಪಾಗಿತ್ತು.”

“ಎಂ.ಎ. ಓದಿದವ್ರೂ ತಪ್ಪು ಬರೀತಾರ?”

ಮುಂದಿನ ಸೀಟಿನಿಂದ ಪ್ರಣಿತಾ ತಿರುಗಿದಳು. “ಅಣ್ಣಾ, ಇವತ್ತು ಪ್ರಾರ್ಥನಿ ಅಕ್ಕನ ಮನ್ಯಾಗೇ ಅಲ್ಲೇನ್ರಿ? ಸೀದಾ ಅಲ್ಲಿಗೇ ಹೋಗ್ತೀವಿ. ಮಂದಿ ಮುಂದ ಹ್ಯಾಂಗ ಕೂಡ್ಲಿ ಅಂತ ಅಂಜಿಕಿ ಬರಾಕತ್ತದ.”

ಅಶೋಕ ಕಿಟಕಿಯಾಚೆ ನೋಡಿದ. ರಾಜೇಶ್ವರ ಊರು ದಾಟಿದಾಗಲೇ ಎದ್ದು ಬಾಗಿಲ ಬಳಿ ಹೋಗಿ ನಿಂತ.

ಬಸವಕಲ್ಯಾಣದಲ್ಲಿ ಇಳಿದವನೇ ಆಟೋ ಹಿಡಿದು ಅವರಿಗಿಂತ ಮೊದಲು ಅಕ್ಕನ ಮನೆ ಮುಟ್ಟಿದ. ಜಗದೇವಿ ಅಕ್ಕ ಚಾಪೆ ಹಾಸುತ್ತಿದ್ದಳು.

“ಅಕ್ಕಾ, ನಾ ಹಾಕಿದ್ದು...”

“ನೋಡೀನಿ.”

“ಪ್ರಣಿತಾ ಬರಾಕತ್ತಾಳ್ರಿ. ಇಬ್ರೂ ಕೂಡೇ.”

ಅಕ್ಕ ಚಾಪೆ ಬಿಟ್ಟು ಅವನ ಮುಖ ನೋಡಿದಳು. ನೋಟ್‌ಬುಕ್ ತೆರೆದು ಅವನ ಮುಂದಿಟ್ಟಳು. ಆರು ವಿಷಯಗಳಿದ್ದವು: ಯಾರದೋ ಮೊಣಕಾಲು ನೋವು, ಯಾರದೋ ಪರೀಕ್ಷೆ. ಏಳು ಎಂಬ ಅಂಕಿಯ ಮುಂದೆ ಖಾಲಿ.

“ಬರೀಬೇಕಂತ ಪೆನ್ ಹಿಡ್ದೆ. ಕೈ ಏಳಲಿಲ್ಲಪಾ,” ಎಂದಳು. “ಇಷ್ಟು ವರ್ಷದಾಗ ಒಂದೂ ಬಿಟ್ಟಿಲ್ಲ. ನೀನೇ ತುಂಬು.”

ಅಶೋಕ ಗೋಡೆಗೊರಗಿ ಕೂತುಬಿಟ್ಟ. ಪುಟಗಟ್ಟಲೆ ಬರೆಯುವವನಿಗೆ ಒಂದು ಸಾಲು ಹೊಳೆಯಲು ಬಹಳ ಹೊತ್ತು ಬೇಕಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದಾಗ ಬರೆದು ಮುಗಿಸಿ, ನೋಟ್‌ಬುಕ್ ಅಕ್ಕನಿಗೆ ಕೊಟ್ಟ.

ಹದಿನೈದು ಜನ ಸೇರಿದರು. ಪ್ರಣಿತಾ ತಲೆ ಬಗ್ಗಿಸಿ, ಸೆರಗಿನ ತುದಿ ಸುತ್ತುತ್ತಾ ಕೂತಳು. ಅಕ್ಕ ಒಂದೊಂದೇ ಓದುತ್ತ ಬಂದಳು.

“ಏಳು. ನಮ್ಮ ನಡುವೆ ತಿರುಗಿ ಬಂದು ಕೂತವರಿಗಾಗಿ ದೇವರಿಗೆ ಸ್ತೋತ್ರ. ಅಶೋಕಕುಮಾರನ ಬರಹ ಯಾರನ್ನೂ ನೋಯಿಸದಂತೆ ಪ್ರಾರ್ಥನೆ.”

“ಉದ್ದನೂ ಆಗದಂಗ,” ಎಂದ ಸತೀಶ. ಎಲ್ಲರೂ ನಕ್ಕರು. ಅಶೋಕ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ಪ್ರಣಿತಾ ತಲೆಯೆತ್ತಿದಳು.

ಹಾಡು ಶುರುವಾಯಿತು. ಹಳೆಯ ಪೇಟಿಯ ಒಂದು ಬಿಳಿಯ ಸ್ವರದ ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ಐದು ತಿಂಗಳಿಂದ ಸತೀಶ ಅದನ್ನು ಬಿಟ್ಟೇ ನುಡಿಸುತ್ತಿದ್ದ. ಇಂದು ಒತ್ತಿದ. ಪಕ್ಕದಲ್ಲಿ ಕೂತಿದ್ದ ಪ್ರಣಿತಾ, ಹಾಡು ನಿಲ್ಲಿಸದೆ, ಮೊದಲಿನಂತೆಯೇ ಕಿರುಬೆರಳಿನಿಂದ ಅದನ್ನು ಮೆಲ್ಲಗೆ ಮೇಲೆತ್ತಿದಳು.