ಕ್ರಮ ತಪ್ಪದ ಮಣ್ಣು

ಅಣ್ಣ ಬದುಕಿದ್ದಾನೆಯೋ ಇಲ್ಲವೋ ಎಂಬುದೊಂದನ್ನು ತಿಳಿಯಲೆಂದೇ ಅವಳು ಆ ಉತ್ಖನನದಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷದ ಹಿಂದೆ ಇದೇ ಬೋಳುಗುಡ್ಡದ ಮೇಲೆ, ಅಗೆತದ ಹಂಗಾಮಿನ ಕೊನೆಗೆ ಗುಂಡಿಗಳನ್ನು ಕಾಪಾಡಲೆಂದು ಅವುಗಳಿಗೆಲ್ಲ ಹಳದಿ ಮರಳು ಹೊದಿಸಿದ ಮಾರನೆಯ ದಿನ, ಅಗೆತದ ಕೆಲಸದಲ್ಲಿದ್ದ ಅವನು ಹೇಳದೆ ಕೇಳದೆ ಹೊರಟುಹೋದನೆಂದು ಉತ್ಖನನದ ನಿರ್ದೇಶಕರು ಮನೆಗೆ ಪತ್ರ ಬರೆದಿದ್ದರು. ಅವರು ಅಣ್ಣನಿಗೂ ಅವಳಿಗೂ ವಿದ್ಯೆ ಕಲಿಸಿದ ಗುರುಗಳು. ನಂಬದಿರಲು ಕಾರಣವಿರಲಿಲ್ಲ.

ಏಳನೆಯ ಗುಂಡಿಯನ್ನು ಮುಟ್ಟುವುದು ಬೇಡವೆಂದು ಅವರು ಮೊದಲೇ ಹೇಳಿದ್ದರು. ಆದರೆ ಪಕ್ಕದ ಗುಂಡಿಯಲ್ಲಿ ಸಿಕ್ಕ ಹಳೆಯ ಗೋಡೆ ಅದರೊಳಕ್ಕೇ ನುಗ್ಗಿತ್ತು. ಅವರು ಪಟ್ಟಣಕ್ಕೆ ಹೋಗಿದ್ದಾಗ ಅವಳು ಅಗೆಸಿದಳು. ಅಗೆಯುವವರಲ್ಲಿ ಹಿರಿಯನಾದ ಗುದ್ದಲಿಯಜ್ಜ ಸೊಂಟ ನೆಟ್ಟಗೆ ಮಾಡಿ ಗೊಣಗಿದ.

"ಇದೇನಮ್ಮ, ಮೂರು ಸಾವಿರ ವರ್ಷದ ಮಣ್ಣು ಅಂತೀರಿ. ನನ್ನ ಹಾಸಿಗೆಗಿಂತ ಮೆತ್ತಗಿದೆಯಲ್ಲ."

ಅವಳು ಕೆಳಗಿಳಿದು, ಗುಂಡಿಯ ಬದಿಯನ್ನು ಕರಣೆಯಿಂದ ಕೆರೆದು ನೀರು ಚಿಮುಕಿಸಿದಳು. ಮರಳು, ಕಪ್ಪು ಮಣ್ಣು, ಕೆಂಪು ಮಣ್ಣು, ಬೂದಿ: ಪದರಗಳೆಲ್ಲ ಕ್ರಮವಾಗಿಯೇ ಇದ್ದವು. ಆದರೆ ಅವನ್ನೆಲ್ಲ ಸೀಳಿಕೊಂಡು ಕೂದಲೆಳೆಯಂಥ ಗೆರೆಯೊಂದು ಮರಳಿನ ಮೇಲಿನಿಂದಲೇ ಇಳಿದಿತ್ತು. ಗೆರೆಯ ಒಳಭಾಗದಲ್ಲಿ ಪ್ರತಿ ಪದರವೂ ಒದ್ದೆ ಬಟ್ಟೆಯ ಹಾಗೆ ತುಸು ಜೋತಿತ್ತು.

ಮರಳು ಹೊದಿಸಿದ ಮೇಲೆ ಯಾರೋ ಇಲ್ಲಿ ಅಗೆದಿದ್ದರು. ಕಳ್ಳನಾಗಿದ್ದರೆ, ಕುರಿ ಕಾಯುವವನಾಗಿದ್ದರೆ, ಮಣ್ಣನ್ನು ಬೆರಕೆಯಾಗಿಯೇ ತಳ್ಳಿ ಮುಚ್ಚುತ್ತಿದ್ದ. ಇವರು ಒಂದೊಂದು ಪದರದ ಮಣ್ಣನ್ನೂ ಬೇರೆ ಬೇರೆ ರಾಶಿ ಹಾಕಿಕೊಂಡು, ಅದರದರ ಜಾಗಕ್ಕೇ ಮರಳಿಸಿದ್ದರು. ಹಾಗೆ ರಾಶಿ ಹಾಕುವುದನ್ನು ಅವಳಿಗೆ ಕಲಿಸಿದವರು ಈ ಗುಡ್ಡದಲ್ಲಿ ಒಬ್ಬರೇ ಇದ್ದರು.

ಮಧ್ಯಾಹ್ನ ನಿರ್ದೇಶಕರು ಮರಳಿ ಬಂದು ಅಂಚಿನಲ್ಲಿ ನಿಂತರು. ಬಯ್ಯಲಿಲ್ಲ. ಬೆನ್ನ ಹಿಂದೆ ಕೈಕಟ್ಟಿ ಬಹಳ ಹೊತ್ತು ಆ ಬದಿಯನ್ನೇ ನೋಡಿದರು.

"ಇದನ್ನ ಮುಚ್ಚಿದ್ದು ನೀವೇನಾ, ಸರ್?"

"ಬೂದಿ ಪದರ ಒಂದು ಬೆರಳು ತಗ್ಗಾಯ್ತು," ಎಂದರು ಅವರು, ಪಾಠದ ದನಿಯಲ್ಲೇ. "ಕತ್ತಲಾಗ್ತಾ ಇತ್ತು."

ಅವಳು ಗುದ್ದಲಿಯಜ್ಜನನ್ನು ಕೂಗಿ, ಎಲ್ಲರನ್ನೂ ಕರೆತರುವಂತೆ ಹೇಳಿದಳು. ಆಳುಗಳು ಬಂದು ಅಂಚಿನ ಸುತ್ತ ನೆರೆದರು. ನಿರ್ದೇಶಕರು ನಿಂತಲ್ಲಿಂದ ಕದಲಲಿಲ್ಲ. ಕೆಳಗಿಳಿಯಹೊರಟ ಅಜ್ಜನನ್ನು ಅವಳು ಬೇಡವೆಂದು ತಡೆದು, ಕುಂಚ ಹಿಡಿದು ಮಂಡಿಯೂರಿದಳು. ಅಣ್ಣ ಎಲ್ಲೋ ಬದುಕಿದ್ದಾನೆ ಎಂದುಕೊಳ್ಳಲು ಇನ್ನೊಂದು ಗೇಣು ಮಣ್ಣಷ್ಟೇ ಉಳಿದಿತ್ತು. ಅದನ್ನು ಅವಳು ಕೈಲಾದಷ್ಟು ನಿಧಾನವಾಗಿ ತೆಗೆದಳು.