ಭಾವನ ಬಲಗಿವಿ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಭಾವನದು ಅದೇ ಕತೆ. ಹರೆಯದಲ್ಲಿ ಸವೆದ ಕ್ಯಾಸೆಟ್ಟಿನಲ್ಲಿ, ಗೊರಗೊರ ಅನ್ನುವ ಒಂದೇ ಸ್ಪೀಕರಿನಲ್ಲಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದ ರಾಕ್ ಆಲ್ಬಮ್ಮುಗಳು ಈಗ ಹೊಸದಾಗಿ ಮಿಕ್ಸ್ ಆಗಿ, ಹೈ-ರೆಸಲ್ಯೂಶನ್ ಸರೌಂಡ್ ಡಿಸ್ಕುಗಳಾಗಿ ಬರತೊಡಗಿದ್ದವು. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೆಯಲ್ಲಿ ಎದೆ ನಡುಗಿಸುವ ಒಂದು ಡಬ್ಬ. ನಡುವೆ ಕೂತವನ ಸುತ್ತ ಇಡೀ ಬ್ಯಾಂಡು ನಿಂತು ಬಾರಿಸಿದ ಹಾಗೆ. ಆ ಸುಖಕ್ಕೆಂದು ಭಾವ ಹಿಂದಿನ ಕೋಣೆಯ ಕಿಟಕಿಗೆ ಇಟ್ಟಿಗೆ ಕಟ್ಟಿಸಿದ, ಗೋಡೆಗೆಲ್ಲ ಸ್ಪಂಜು ಬಡಿಸಿದ, ಬಾಗಿಲಿನ ಸುತ್ತ ರಬ್ಬರು ಅಂಟಿಸಿದ. ಎಲ್ಲ ಮುಗಿಯಿತು ಅನ್ನುವಾಗ ಒಂದು ಜ್ವರ ಬಂದು ಅವನ ಬಲಗಿವಿಯನ್ನು ಎತ್ತಿಕೊಂಡು ಹೋಯಿತು.

ಒಂದೇ ಕಿವಿ ಇದ್ದವನಿಗೆ ದಿಕ್ಕು ತಿಳಿಯುವುದಿಲ್ಲ. ಸುತ್ತ ನಿಂತ ಬ್ಯಾಂಡೆಲ್ಲ ಒಂದು ಎಡಗಿವಿಯ ತೂತಿನಲ್ಲಿ ನೂಕುನುಗ್ಗಲು. ಹಾಗಾಗಿ ಭಾವ ನಡುವಿನ ಕುರ್ಚಿಯಲ್ಲಿ ಬಾಮೈದನನ್ನು ಕೂರಿಸಿದ.

ಬಾಮೈದ ಒಂಬತ್ತನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಅಕ್ಕನ ಮನೆ ಸೇರಿದವನು. ವಾರವೆಲ್ಲ ಭಾವನ ರಿಪೇರಿ ಅಂಗಡಿಯಲ್ಲಿ ಸುಟ್ಟುಹೋದ ಸ್ಪೀಕರುಗಳಿಗೆ ಕಾಯಿಲ್ ಸುತ್ತುತ್ತಿದ್ದ. ಭಾನುವಾರ ಕುರ್ಚಿ. ಕಣ್ಣು ಮುಚ್ಚಿ ಕೂರಬೇಕು, ತಲೆ ಅಲ್ಲಾಡಿಸಬಾರದು, ಯಾವ ವಾದ್ಯ ಎಲ್ಲಿಂದ ಬರುತ್ತದೋ ಅಲ್ಲಿಗೆ ಬೆರಳು ತೋರಿಸಬೇಕು. ಗಿಟಾರು ಎಡಗಡೆಯಿಂದ ಹಿಂದಕ್ಕೆ ಹರಿದರೆ ಬೆರಳೂ ಹಿಂದಕ್ಕೆ ಹರಿಯಬೇಕು. ಎದುರಿನ ಸ್ಟೂಲಿನ ಮೇಲೆ ಕೂತ ಭಾವ ಆ ಬೆರಳನ್ನೇ ನೋಡುತ್ತ, ಒಂದು ಕಿವಿಯಲ್ಲಿ ಕೇಳಿದ್ದನ್ನು ಕಣ್ಣಿನಲ್ಲಿ ಹಂಚಿಕೊಳ್ಳುತ್ತಿದ್ದ. ಆಗ ಅವನ ಮುಖ ಹಾಲು ಕುಡಿದ ಮಗುವಿನ ಹಾಗೆ ಇರುತ್ತಿತ್ತು.

ಬಾಮೈದನಿಗೆ ಸಿಟ್ಟೂ ಅದಕ್ಕೇ. ಭಾವ ಕೆಟ್ಟವನಾಗಿದ್ದರೆ ಎಂದೋ ಉಗಿದು ಎದ್ದು ಹೋಗಬಹುದಿತ್ತು. ಅನ್ನ ಹಾಕಿದವನು, ಕೆಲಸ ಕಲಿಸಿದವನು, ಒಂದು ದಿನ ಕೈ ಎತ್ತಿದವನಲ್ಲ. ಇಂಥವರ ಕೈಗೆ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳಲು ಬೈಗುಳವೂ ಸಿಗುವುದಿಲ್ಲ.

ಈ ಭಾನುವಾರ ಮಾತ್ರ ಬಾಮೈದನ ಬಟ್ಟೆಚೀಲ ಮೆಟ್ಟಿಲ ಕೆಳಗೆ ತಯಾರಾಗಿತ್ತು. ದೊಡ್ಡ ದೊಡ್ಡ ಸ್ಟೇಜುಗಳಿಗೆ ಸೌಂಡ್ ಹಾಕುವ ತಂಡದ ಯಜಮಾನ, ಎಲ್ಲರೂ ಡಬ್ಬಣ್ಣ ಅಂತ ಕರೆಯುವವನು, ಸ್ಪೀಕರ್ ರಿಪೇರಿಗೆ ಬಂದಾಗ ಇವನ ಕೈಚಳಕ ನೋಡಿದ್ದ. "ಊರೂರು ಸುತ್ತೋ ಕೆಲಸ. ಬರೋದಾದ್ರೆ ಭಾನುವಾರ ಮಧ್ಯಾಹ್ನ ಗೇಟ್ ಹತ್ರ ವ್ಯಾನ್ ನಿಲ್ಲಿಸ್ತೀನಿ. ನೀನೇನು ನನ್ನ ಅಳಿಯ ಅಲ್ಲ, ಉಪಚಾರ ಮಾಡ್ಕೊಂಡು ಕಾಯಲ್ಲ" ಅಂದಿದ್ದ.

ಭಾವನಿಗೆ ಮುಂಚೆ ಹೇಳಲು ನಾಲಿಗೆ ಏಳಲಿಲ್ಲ. ವ್ಯಾನು ಬಂದ ಮೇಲೆ, ಹೊರಡುವ ಗಡಿಬಿಡಿಯಲ್ಲಿ ಒಂದೇ ಉಸಿರಿಗೆ ಹೇಳಿಬಿಡುವುದು ಅಂತ ಲೆಕ್ಕ. ಆದರೆ ಆ ಕೋಣೆಯೊಳಗೆ ಹಾರ್ನು ಕೇಳುವುದಿಲ್ಲ. ಫೋನು ಒಯ್ಯುವ ಹಾಗಿಲ್ಲ, ಸ್ಪೀಕರಿನಲ್ಲಿ ಕಿರಿಕಿರಿ ಬರುತ್ತದೆ ಅಂತ ಭಾವನ ಕಟ್ಟಪ್ಪಣೆ.

"ಅಕ್ಕಾ, ವ್ಯಾನ್ ಬಂದ್ ಕೂಡ್ಲೆ ಬಾಗಿಲು ಬಡಿ. ಮರೀಬೇಡ."

"ಆಯ್ತು ಕಣೋ, ಎಷ್ಟು ಸಲ ಹೇಳ್ತೀಯಾ" ಅಂದಳು ಅಕ್ಕ, ಅವನ ಮುಖ ನೋಡದೆ.

ಊಟವಾದ ಮೇಲೆ ಭಾವ ಹೊಸ ಡಿಸ್ಕಿನ ಕವರು ಬಿಚ್ಚಿದ. "ಇದು ನಾನು ನಿನ್ನ ವಯಸ್ಸಲ್ಲಿ ಕೇಳಿದ್ದು ಕಣೋ. ಕ್ಯಾಸೆಟ್ ಸಿಕ್ಕಾಕ್ಕೊಂಡಾಗ ಪೆನ್ಸಿಲ್ ಹಾಕಿ ತಿರುಗಿಸ್ತಿದ್ವಿ. ಕೂತ್ಕೋ, ಕೂತ್ಕೋ."

ಬಾಗಿಲು ಮುಚ್ಚಿತು. ರಬ್ಬರು ಉಸಿರು ಎಳೆದುಕೊಂಡಂತೆ ಸದ್ದಾಗಿ, ಲೋಕ ಕಡಿದುಹೋಯಿತು.

ಮೊದಲು ಹಾಡುವವನ ಉಸಿರು, ನೇರ ಮುಂದೆ. ಬೆರಳು ಮುಂದೆ. ಆಮೇಲೆ ಗಿಟಾರು ಬಲಗಡೆಯಿಂದ ಬ್ಲೇಡಿನಂತೆ ಬಂತು. ಡ್ರಮ್ಮು ತಲೆಯ ಸುತ್ತ ಉರುಳಿತು. ಬಾಮೈದನ ಬೆರಳು ಕೆಲಸ ಮಾಡುತ್ತಿತ್ತು, ಮನಸ್ಸು ಗೇಟಿನಲ್ಲಿತ್ತು. ಮೂರನೆಯ ಹಾಡು ನಡೆಯುತ್ತಿದ್ದಾಗ ಹಿಂದಿನಿಂದ, ಎಡಗಡೆ, ಮೆತ್ತಗೆ ಟಕ್ ಟಕ್ ಟಕ್ ಅಂತ ಕಟ್ಟಿಗೆಯ ಸದ್ದು. ಅವನ ಬೆರಳು ತಾನಾಗಿಯೇ ಅಲ್ಲಿಗೆ ತಿರುಗಿತು.

"ಏನೋ ಅದು? ಏನು ಬಂತು?"

"ಕಟ್ಟಿಗೆ ಬಡಿದ ಹಾಗೆ ಭಾವ. ಮೂರು ಸಲ."

ಭಾವ ಸ್ಟೂಲಿನಿಂದ ಎದ್ದೇಬಿಟ್ಟ. "ಹಳೇದ್ರಲ್ಲಿ ಇರಲೇ ಇಲ್ಲ ಅದು! ಇಷ್ಟು ವರ್ಷ ಮುಚ್ಚಿಹೋಗಿತ್ತು ನೋಡು, ಈಗ ಎತ್ತಿದಾರೆ. ಮತ್ತೆ ಹಾಕ್ತೀನಿ ತಾಳು."

ಮತ್ತೆ ಹಾಕಿದ. ಟಕ್ ಟಕ್ ಬರಲಿಲ್ಲ. ಬೆರಳು ಅಲುಗಲಿಲ್ಲ. ಇನ್ನೊಮ್ಮೆ. ಬರಲಿಲ್ಲ. ಭಾವ ಹಿಂದಿನ ಸ್ಪೀಕರಿನ ವೈರು ಬಿಚ್ಚಿ ಊದಿ ಮತ್ತೆ ಸಿಕ್ಕಿಸಿದ. "ಕೆಟ್ಟೋಯ್ತೇನೋ ಇದು? ಈಗ ಕೇಳು." ಬರಲಿಲ್ಲ.

ಆಗ ಬಾಮೈದ ಕಣ್ಣು ಬಿಟ್ಟು, ತಾನು ತೋರಿಸಿದ್ದ ದಿಕ್ಕಿಗೆ ತಿರುಗಿ ನೋಡಿದ. ಸ್ಪೀಕರಿನ ಪಕ್ಕದಲ್ಲೇ ಬಾಗಿಲು.

ತನ್ನನ್ನು ಕರೆಯಲು ಬಂದ ಸದ್ದಿಗೆ ತಾನೇ ಬೆರಳು ತೋರಿಸಿ, ಇದೂ ಹಾಡೇ ಅಂತ ಸಾಕ್ಷಿ ಹೇಳಿಬಿಟ್ಟಿದ್ದ.

ಬಾಗಿಲು ತಳ್ಳಿಕೊಂಡು ಓಡಿದ. ಗೇಟಿನ ಹೊರಗೆ ಖಾಲಿ ರಸ್ತೆ. ಅಕ್ಕ ಅಡುಗೆಮನೆಯಲ್ಲಿ ಒರೆಸಿದ ಕಟ್ಟೆಯನ್ನೇ ಒರೆಸುತ್ತಿದ್ದಳು.

"ಬಂದಿದ್ರಾ?"

"ಬಂದಿದ್ರು. ತಟ್ಟಿದೆ ಕಣೋ."

"ಅದು ತಟ್ಟೋದಾ? ಬೆಕ್ಕು ಕೆರೆದ್ರೂ ಅದಕ್ಕಿಂತ ಜೋರಿರುತ್ತೆ! ಗುದ್ದಬೇಕಿತ್ತು, ಒದೀಬೇಕಿತ್ತು!"

ಅಕ್ಕ ಬಟ್ಟೆ ಕೆಳಗಿಟ್ಟಳು. "ನೀನು ಬರೋಕೆ ಮುಂಚೆ ಆ ಕುರ್ಚೀಲಿ ಯಾರು ಕೂರ್ತಿದ್ರು ಗೊತ್ತಾ? ನಾನೇ. ನನಗೆ ಅದೆಲ್ಲ ಒಂದೇ ಗಲಾಟೆ. ಎಲ್ಲಿಂದ ಬರುತ್ತೋ ತಿಳಿಯಲ್ಲ. ಬೆರಳು ತಡವರಿಸಿದ್ರೆ ಬೈಯಲ್ಲ ಅವರು, ಮತ್ತೆ ಮೊದಲಿಂದ ಹಾಕ್ತಾರೆ. ಮತ್ತೆ. ಮತ್ತೆ. ಗುದ್ದೋಕೆ ಕೈ ಬರಲಿಲ್ಲ ಕಣೋ."

ಅವನು ಫೋನು ಹಚ್ಚಿದ. ಡಬ್ಬಣ್ಣ ಅತ್ತಲಿಂದ ಕೂಗಿದ: "ಪೆಟ್ರೋಲ್ ಬಂಕಲ್ಲಿದೀವಿ, ಟೈರಿಗೆ ಗಾಳಿ ಹಿಡಿಸ್ತಿದೀವಿ. ಓಡಿ ಬಾ. ಇಲ್ಲಾಂದ್ರೆ ಹೊದ್ಕೊಂಡು ಮಲಗು."

ಚೀಲ ಹೆಗಲಿಗೇರಿತು. ತಿರುಗಿದರೆ ಭಾವ ನಿಂತಿದ್ದ, ಕೈಯಲ್ಲಿ ವೈರಿನ ತುದಿ.

"ಅದು ಬಾಗಿಲು ಭಾವ! ಅಕ್ಕ ತಟ್ಟಿದ್ದು. ಹಾಡಲ್ಲ."

ಭಾವ ಕೈಯಲ್ಲಿದ್ದ ವೈರು ನೋಡಿದ. "ಹಾಗಾದ್ರೆ ಸ್ಪೀಕರ್ ಕೆಟ್ಟಿಲ್ಲ!" ಅಂದ. ಆಮೇಲೆ ಚೀಲ ಕಂಡಿತು. "ಎಲ್ಲಿಗೋ?"

"ಡಬ್ಬಣ್ಣನ ಜೊತೆ. ಕೆಲಸಕ್ಕೆ."

ಭಾವನ ಮುಖ ಇಳಿಯಿತು, ಆದರೆ ದನಿ ಏರಲಿಲ್ಲ. "ಹೋಗಿ ಬಾ ಮತ್ತೆ. ಹೋಗೋನನ್ನ ಹಗ್ಗ ಹಾಕಿ ಕಟ್ಟೋಕಾಗುತ್ತಾ?" ಅಕ್ಕನ ಕಡೆ ತಿರುಗಿದ. "ಬಾರೆ, ಇವತ್ತಿಗೆ ನೀನೇ ಕೂತ್ಕೊಂಡು ಬಿಡು. ಅರ್ಧಕ್ಕೆ ನಿಂತಿದೆ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೋಣೆಗೆ ಹೋದಳು. ಕುರ್ಚಿಯಲ್ಲಿ ಕೂತಳು. ಕಣ್ಣು ಮುಚ್ಚಿದಳು. ಹಾಡು ಇನ್ನೂ ಶುರುವೇ ಆಗಿಲ್ಲ, ಅವಳ ಬೆರಳು ಆಗಲೇ ಗಾಳಿಯಲ್ಲಿ ದಿಕ್ಕು ಹುಡುಕಿ ತಡವರಿಸುತ್ತಿತ್ತು.

ಬಾಮೈದ ಗೇಟಿನ ಕಡೆ ನೋಡಿದ, ಕೋಣೆಯ ಕಡೆ ನೋಡಿದ.

"ಎದ್ದೇಳಕ್ಕ."

"ಹೋಗೋ. ಟೈರಿಗೆ ಎಷ್ಟೊತ್ತು ಗಾಳಿ ಹಿಡಿಸ್ತಾರೆ?"

"ಎದ್ದೇಳು ಅಂದೆ!" ತೋಳು ಹಿಡಿದು ಎಬ್ಬಿಸಿ, ಹೊರಗೆ ಕಳಿಸಿ, ತಾನೇ ಕುಕ್ಕರಿಸಿದ.

"ಚೀಲ ಹೊರಗಿಡೋ, ಸೌಂಡ್ ಕುಡಿಯುತ್ತೆ ಅದು" ಅಂದ ಭಾವ.

"ಕುಡೀಲಿ."

ಭಾವ ಬಾಗಿಲು ಎಳೆದುಕೊಂಡ. "ಮೊದಲಿಂದಾನೇ ಕೇಳೋಣ" ಅಂದು ಗುಂಡಿ ಒತ್ತಿದ. ಗಿಟಾರು ಬಲಗಡೆಯಿಂದ ಬಂತು. ಬಾಮೈದ ಹಲ್ಲು ಕಚ್ಚಿ, ಬೇಕೆಂದೇ, ಒಂಚೂರೂ ತಡವರಿಸದೆ ಎಡಕ್ಕೆ ಬೆರಳು ಚಾಚಿದ.

ಭಾವನ ಮುಖ ಅರಳಿತು. "ಎಡಕ್ಕಾ! ಆಗ ನಾನು ಸರಿಯಾಗಿ ನೋಡ್ಲೇ ಇಲ್ಲ. ಆಹಾ, ಎಷ್ಟು ಚೆನ್ನಾಗಿ ತಂದಿದಾರೆ ನೋಡು!"

ಬಾಮೈದ ಬಲಕ್ಕೆ ತೋರಿಸಿದ, ಸೂರಿಗೆ ತೋರಿಸಿದ, ಏನೂ ಇಲ್ಲದ ಮೂಲೆಗೆ ತೋರಿಸಿದ. ಎಲ್ಲಿ ತೋರಿಸಿದರೂ ಭಾವ ತಲೆದೂಗಿದ. ಎಲ್ಲಿಗಾದರೂ ಸರಿ, ಬೆರಳು ಗಟ್ಟಿಯಾಗಿದ್ದರೆ ಸಾಕಿತ್ತು. ಅದು ಅಕ್ಕನಿಂದಲೂ ಆಗುವ ಕೆಲಸ. ಇದನ್ನು ಅವಳಿಗೆ ಈಗಲೇ ಕೂಗಿ ಹೇಳಿ, ಪೆಟ್ರೋಲ್ ಬಂಕಿಗೆ ಓಡಬೇಕಿತ್ತು. ಬಾಗಿಲು ಹಾಕಿತ್ತು, ಆಲ್ಬಮ್ಮು ಈಗಷ್ಟೇ ಶುರುವಾಗಿತ್ತು.