ಮೀನು ತೊಳೆದ ನೀರು

ಎರಡನೆಯ ಬುಟ್ಟಿ ಮಣ್ಣು ಸುರಿದರೂ ವಾಸನೆ ಹೋಗಲಿಲ್ಲ. ಮಂಗಲಾ ದ್ರಾಕ್ಷಿ ಬಳ್ಳಿಯ ಬುಡವನ್ನು ಕಾಲಿನಿಂದ ಒತ್ತಿದಳು.

"ಇನ್ನೂ ಬರ್ತಾ ಅದೆ," ಜಗಲಿಯಿಂದ ದೇವಿದಾಸ ಹೇಳಿದ. "ಊದುಬತ್ತಿ ಹಚ್ಚಿಡು ಅಲ್ಲಿ."

"ಬಳ್ಳಿಗೆ ಪೂಜೆಯಾ?"

ಗಂಡ ಜಗಲಿಯ ಕುರ್ಚಿಗಳನ್ನು ಸಾಲಾಗಿ ಎಳೆದಿಟ್ಟ. ಅವನ ಅಪ್ಪ ಸಾಯುವವರೆಗೂ ಮೀನು ಹಿಡಿಯುತ್ತ ದೋಣಿಯಲ್ಲಿದ್ದವನು. ಕಾರವಾರದಲ್ಲಿ ಕಚೇರಿಯ ಕೆಲಸ ಸಿಕ್ಕ ಮೇಲೆ ದೇವಿದಾಸ ಮೀನು ಬಿಡಲಿಲ್ಲ. ಬಿಟ್ಟೆನೆಂದು ಎಲ್ಲರಿಗೂ ಹೇಳಿದ, ಅಷ್ಟೆ. ಕಿಟಕಿ ಹಾಕಿಕೊಂಡು ಬಂಗಡೆ ತಿನ್ನುತ್ತಿದ್ದ.

ಉಪ್ಪುಗಾಳಿಯ ಊರಲ್ಲಿ ದ್ರಾಕ್ಷಿ ಆಗುವುದಿಲ್ಲವೆಂದು ಮಂಗಲಾ ಕಲಿಸುವ ಶಾಲೆಯ ಮಾಸ್ತರರೆಲ್ಲ ನಕ್ಕಿದ್ದರು. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವ ಅವಳ ತಾಯಿ ಹೀರಾ ಮಾತ್ರ, "ಮೀನು ತೊಳ್ದ ನೀರು ಹಾಕು ಮಗಾ, ಬರ್ದೇ ಎಂತ ಮಾಡ್ತದೆ?" ಎಂದಿದ್ದಳು. ಅಲ್ಲಿಂದ ಆಯಿಗೆ ಭಾನುವಾರವೆಂದರೆ ಮುಚ್ಚಳ ಬಿಗಿದ ನೀರಿನ ಡಬ್ಬಿ, ಕಾರವಾರದ ಬಸ್ಸು, ಕಂಡಕ್ಟರನ ಬೈಗುಳ. ಚಿಕ್ಕು, ಪೇರಲೆ ಎರಡೂ ಅದೇ ನೀರಿನಲ್ಲಿ ಚಿಗುರಿದವು. ಬಳ್ಳಿ ಈ ವರ್ಷ ಮೊದಲ ಸಲ ಚಪ್ಪರ ತುಂಬ ಗೊಂಚಲು ಬಿಟ್ಟಿತ್ತು. ಈ ಭಾನುವಾರ ದೇವಿದಾಸ ತನ್ನ ಕಚೇರಿಯ ಸಾಹೇಬರನ್ನು ಹಣ್ಣು ತಿನ್ನಲು ಕರೆದಿದ್ದ.

"ಇವತ್ತು ಬರೂದು ಬೇಡ ಅಂತ ಆಯಿಗೆ ಫೋನ್ ಮಾಡಿದ್ಯಲ್ಲ?"

"ಮಾಡಿದೆ."

ಮಾಡಿರಲಿಲ್ಲ. ಏನಾದರೂ ಆಗಲಿ ಎಂದು ಕಾದಿದ್ದಳೇ? ಆಗಿಬಿಟ್ಟರೆ ತಾನು ಏನು ಹೇಳುತ್ತೇನೆಂದು ಯೋಚಿಸಿರಲಿಲ್ಲ.

ಸಾಹೇಬರು ಬಂದರು. ಹೆಂಡತಿ ಕಲಾವತಿ ಚಪ್ಪರದ ಕೆಳಗೆ ನಿಂತೇ ಒಂದು ಹಣ್ಣು ಬಾಯಿಗೆ ಹಾಕಿದರು. "ಅಯ್ಯ, ನಮ್ಮ ಬಿಜಾಪುರದ ದ್ರಾಕ್ಷಿಗೂ ಈ ರುಚಿ ಇಲ್ಲ ನೋಡ್ರಿ! ಏನ್ ಗೊಬ್ಬರಾ ಹಾಕ್ತೀರಿ?"

"ಬೇವಿನ ಹಿಂಡಿ ಮೇಡಂ," ದೇವಿದಾಸ ಕೈ ಹೊಸೆದ. "ನಮ್ಮ ಹಾಗೇ, ಶುದ್ಧ ಸಸ್ಯಾಹಾರಿ ಬಳ್ಳಿ."

"ನಿಮ್ಮನ್ನ ನೋಡಿದ್ರ ಈ ಕಡಲದಂಡಿಯವರು ಅಂತ ಹೇಳಾಕ ಆಗೂದಿಲ್ಲ ಬಿಡ್ರಿ," ಎಂದರು ಸಾಹೇಬರು. ದೇವಿದಾಸನ ಮುಖ ಅರಳಿತು.

ಗೇಟು ಕಿರುಗುಟ್ಟಿತು. ಸೊಂಟದ ಮೇಲೆ ಡಬ್ಬಿ, ತಲೆಯ ಮೇಲೆ ಬುಟ್ಟಿ, ಹೀರಾ ಒಳಗೆ ಬಂದಳು.

"ಮೀನು ಬೇಡ!" ದೇವಿದಾಸ ಕೂಗಿದ. "ನಮ್ಮಲ್ಲಿ ತಕಣೂದಿಲ್ಲ."

ಹೀರಾ ಕಲಾವತಿಯ ರೇಷ್ಮೆ ಸೀರೆ ನೋಡಿದಳು, ಅಳಿಯನನ್ನು ನೋಡಿದಳು. ಆಮೇಲೆ ಪೇಟೆಯಲ್ಲಿ ಗಿರಾಕಿಗಳಿಗೆ ನಗುವಂತೆ ನಕ್ಕಳು. "ತಪ್ಪಾಯ್ತು ಸಾಹೇಬ್ರೆ, ಮನೆ ತಪ್ತು." ಮಗಳ ಕಡೆ ತಿರುಗಿದಳು. "ಬಾಯೋರೇ, ನಿಮ್ಗೂ ಬ್ಯಾಡ್ವ?"

ಇವಳು ನನ್ನ ಆಯಿ. ಹಾಗೆನ್ನಲೆಂದೇ ಒಂದು ಹೆಜ್ಜೆ ಮುಂದಿಟ್ಟಳು. ಮಂಗಲಾಳಿಗೆ ಕೇಳಿಸಿದ್ದು ಶಾಲೆಯಲ್ಲಿ ತಡವಾಗಿ ಬಂದ ಮಕ್ಕಳಿಗೆ ಹೇಳುವ ತನ್ನದೇ ದನಿ.

"ಬೇಡ."

ಹೀರಾ ಗೇಟನ್ನು ಮೆಲ್ಲಗೆ ಮುಚ್ಚಿಕೊಂಡು ಹೋದಳು.

"ಇವರ ಕಾಟ ಭಾಳ ಅಲ್ರೀ?" ಕಲಾವತಿ ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದರಲ್ಲಿ ಮತ್ತೊಂದು ಹಣ್ಣು ಕಿತ್ತರು.

ಅವರು ಹೋಗುವಾಗ ಮಾಗಿದ್ದೆಲ್ಲವನ್ನೂ ದೇವಿದಾಸನೇ ಕೊಯ್ದು ಕಾರಿಗೆ ಹಾಕಿದ. ಮರಳಿ ಬಂದು ಚಪ್ಪಲಿ ಬಿಡುತ್ತ ನಕ್ಕ.

"ಆಯಿ ಶಾಣ್ಯಾ ಮಾರಾಯ್ತಿ! ಎಷ್ಟು ಚಂದ ನಿಭಾಯಿಸಿದ್ರು! ಬರೂ ವಾರ ಒಂದು ಒಳ್ಳೆ ಇಸೋಣ ಮೀನು ತರೂಕೆ ಹೇಳು."

ಅವಳಿಗೆ ಸಿಟ್ಟು ಉಕ್ಕಿತು. ಅವನ ಮೇಲೋ, ತನ್ನ ನಾಲಿಗೆಯ ಮೇಲೋ, ಅಷ್ಟು ಚೆನ್ನಾಗಿ ನಕ್ಕ ಆಯಿಯ ಮೇಲೋ.

"ಹೇಳ್ತೆ."

"ಸಾಹೇಬ್ರು ಮುಂದಿನ ವರ್ಷಾನೂ ಬರ್ತ್ರಂತೆ."

"ಬರ್ಲಿ."

ಹಣ್ಣು ಮುಗಿದ ಬಳ್ಳಿಯನ್ನು ಇನ್ನು ಸವರಬೇಕು. ಕರುಣೆಯಿಲ್ಲದೆ ಕತ್ತರಿಸಿದರೆ ಮಾತ್ರ ಹೊಸ ಚಿಗುರು, ಆ ಚಿಗುರಿನಲ್ಲಿ ಮಾತ್ರ ಗೊಂಚಲು; ಬಿಟ್ಟರೆ ಬರೀ ಎಲೆ. ದೇವಿದಾಸನಿಗೆ ಇದು ಗೊತ್ತಿಲ್ಲ. ಕೇಳಿದವನೇ ಅಲ್ಲ.

ಸವರುವುದಿಲ್ಲ, ಅಂದುಕೊಂಡಳು ಮಂಗಲಾ. ಈ ವರ್ಷ ಇಲ್ಲ, ಬರುವ ವರ್ಷವೂ ಇಲ್ಲ. ಯಾರಿಗೂ ಹೇಳುವುದಿಲ್ಲ. ಹಬ್ಬಲಿ. ಚಪ್ಪರ ತುಂಬಿ, ಜಗಲಿ ಹತ್ತಿ, ಕಿಟಕಿ ಬಾಗಿಲುಗಳ ಮೇಲೆಲ್ಲ ಇಳಿಯಲಿ. ಬಂದವರು ಎಷ್ಟು ಹಸಿರು ಎನ್ನಲಿ. ಹಗಲಲ್ಲೂ ಕತ್ತಲಾದ ಆ ಎಲೆಗಳ ಕೆಳಗೆ ಅವನು ಗೊಂಚಲು ಹುಡುಕುತ್ತ ಕತ್ತೆತ್ತಿ ನಿಂತಿರಲಿ, ಬಾಯಿ ಅರ್ಧ ತೆರೆದು.